ಮೊಸರಿಗೆ ಹೆಪ್ಪು, ಕಂಪ್ಯೂಟರ್‌ಗೆ ಬೂಟ್‌ಲೋಡರ್

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಆಗಿನ ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದವು. ಲಿನಕ್ಸ್ ತೆರೆದು ತಿಂಗಳುಗಳೇ ಆಗಿದ್ದವು, ಫೋಟೊಗಳಿಗೆ ಜಾಗ ಸಾಲುತ್ತಿರಲಿಲ್ಲ. ಒಂದು ಭಾನುವಾರ ವಿಂಡೋಸ್‌ನಲ್ಲೇ ಕೂತು ಲಿನಕ್ಸ್ ಇದ್ದ ಪಾರ್ಟಿಷನ್, ಅಂದರೆ ಡಿಸ್ಕ್‌ನಲ್ಲಿ ಅದಕ್ಕೆಂದು ಬೇರ್ಪಡಿಸಿದ್ದ ಭಾಗ, ಅಳಿಸಿ ಹಾಕಿದೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ. ಅದರ ಮೇಲೆ ಎರಡೇ ಸಾಲು. ‘ನೋ ಸಚ್ ಪಾರ್ಟಿಷನ್’ ಅಂತ ಒಂದು. ಕೆಳಗೆ ‘ಗ್ರಬ್ ರೆಸ್ಕ್ಯೂ’ ಅಂತ ಇನ್ನೊಂದು, ಪಕ್ಕದಲ್ಲಿ ಮಿನುಗುವ ಕರ್ಸರ್.

ವಿಂಡೋಸ್ ಇದ್ದ ಜಾಗಕ್ಕೆ ನಾನು ಕೈ ಹಾಕಿಯೇ ಇರಲಿಲ್ಲ. ಆದರೂ ಅದು ಏಳಲಿಲ್ಲ. ಲಿನಕ್ಸ್ ಅಂತೂ ಇಲ್ಲವೇ ಇಲ್ಲ. ಹಾಗಾದರೆ ಆ ಎರಡು ಸಾಲು ಬರೆದದ್ದು ಯಾರು? ಯಾರೋ ಒಬ್ಬರು ಎಚ್ಚರವಾಗಿದ್ದಾರೆ ಅಂತಾಯಿತು, ಅಲ್ವಾ? ಗಾಬರಿ ಇಳಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಈ ಪ್ರಶ್ನೆ. ಅದರ ಬೆನ್ನು ಹತ್ತಿ ಹೋದಾಗ ಗೊತ್ತಾಗಿದ್ದನ್ನು ಇಲ್ಲಿ ಹೇಳುತ್ತೇನೆ.

ಬೀಗದ ಕೈ ಮನೆಯೊಳಗೆ

ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನಲ್ ಅನ್ನುತ್ತಾರೆ. ಕಂಪ್ಯೂಟರ್ ಆಫ್ ಇದ್ದಾಗ ಅದು ಡಿಸ್ಕ್‌ನಲ್ಲಿ ಒಂದು ಫೈಲಾಗಿ ಮಲಗಿರುತ್ತದೆ. ಓಡಬೇಕಾದರೆ ಅದು ಮೆಮೊರಿಗೆ ಬರಬೇಕು. ಬರಬೇಕಾದರೆ ಯಾರೋ ಡಿಸ್ಕ್ ಓದಬೇಕು. ಡಿಸ್ಕ್ ಓದುವುದು ಡ್ರೈವರ್‌ಗಳಿಗೆ ಗೊತ್ತು. ಓದಿದ್ದರಲ್ಲಿ ಯಾವ ಫೈಲ್ ಎಲ್ಲಿದೆ ಅನ್ನುವುದು ಫೈಲ್‌ಸಿಸ್ಟಮ್ ಕೋಡ್‌ಗೆ ಗೊತ್ತು. ಇವೆರಡೂ ಇರುವುದು ಎಲ್ಲಿ? ಕರ್ನಲ್ ಒಳಗೆ. ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು.

ಇಂಗ್ಲಿಷಿನವರು ಇದನ್ನು ‘ಬೂಟ್‌ಸ್ಟ್ರ್ಯಾಪ್’ ಅನ್ನುತ್ತಾರೆ. ಕಾಲಿಗೆ ಹಾಕಿದ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲೆತ್ತಿಕೊಳ್ಳುವುದು ಅಂತ ಅರ್ಥ. ‘ಬೂಟ್’ ಅದರ ತುಂಡು. ನನಗೆ ಆ ಹೋಲಿಕೆ ಯಾವತ್ತೂ ಹಿಡಿಸಿಲ್ಲ, ಯಾಕೆಂದರೆ ಅದು ಆಗದ ಕೆಲಸ. ಕಂಪ್ಯೂಟರ್ ದಿನಾ ಆಗುವ ಕೆಲಸ ಮಾಡುತ್ತದೆ. ಇದಕ್ಕೆ ಸರಿಯಾದದ್ದು ನಮ್ಮ ಅಡುಗೆಮನೆಯಲ್ಲಿದೆ. ಮೊಸರು ಮಾಡಲು ಮೊಸರೇ ಬೇಕು. ಆದರೆ ಒಂದು ಕೊಡ ಬೇಡ, ಒಂದು ಚಮಚ ಹೆಪ್ಪು ಸಾಕು. ಕಂಪ್ಯೂಟರ್‌ಗೂ ಅಷ್ಟೇ. ಇಡೀ ಆಪರೇಟಿಂಗ್ ಸಿಸ್ಟಮ್ ಎಬ್ಬಿಸಲು ಒಂದು ಚಮಚದಷ್ಟು ಪ್ರೋಗ್ರಾಮ್ ಮೊದಲೇ ಎಲ್ಲೋ ಇರಬೇಕು.

1975ರ ಆಲ್ಟೇರ್ 8800 ಕಂಪ್ಯೂಟರ್‌ನಲ್ಲಿ ಆ ಹೆಪ್ಪು ಹಾಕುತ್ತಿದ್ದದ್ದು ಮನುಷ್ಯನ ಕೈ. ಮುಂದಿನ ಫಲಕದಲ್ಲಿ ಸಾಲಾಗಿ ಸ್ವಿಚ್‌ಗಳಿದ್ದವು. ಅವನ್ನು ಮೇಲೆ ಕೆಳಗೆ ಮಾಡಿ ಒಂದೊಂದೇ ಬೈಟನ್ನು ಮೆಮೊರಿಗೆ ತುಂಬಬೇಕಿತ್ತು. ಹಾಗೆ ತುಂಬಿದ ಪುಟ್ಟ ಪ್ರೋಗ್ರಾಮ್ ತೂತು ಹೊಡೆದ ಕಾಗದದ ಪಟ್ಟಿಯಿಂದ ದೊಡ್ಡ ಪ್ರೋಗ್ರಾಮನ್ನು ಓದಿಕೊಳ್ಳುತ್ತಿತ್ತು. ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಮೊದಲ 16 ಬೈಟ್

ಈಗ ಆ ಹೆಪ್ಪು ಇರುವುದು ಮದರ್‌ಬೋರ್ಡ್ ಮೇಲಿನ ಒಂದು ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿ. ಸಾಮಾನ್ಯವಾಗಿ ಎಂಟು ಕಾಲು, 16 ಅಥವಾ 32 ಎಂಬಿ ಜಾಗ. ಕರೆಂಟ್ ಹೋದರೂ ಅದರಲ್ಲಿರುವುದು ಅಳಿಯುವುದಿಲ್ಲ. ಅದರಲ್ಲಿ ಇರುವ ಪ್ರೋಗ್ರಾಮೇ ಫರ್ಮ್‌ವೇರ್. ಹಳಬರ ಬಾಯಲ್ಲಿ ಬಯಾಸ್, ಈಗಿನ ಹೆಸರು ಯುಇಎಫ್‌ಐ.

ಪವರ್ ಬಟನ್ ಒತ್ತಿದ ತಕ್ಷಣ ಇಂಟೆಲ್ ವಂಶದ ಪ್ರೊಸೆಸರ್‌ಗೆ ಗೊತ್ತಿರುವುದು ಒಂದೇ ವಿಷಯ: ಮೊದಲ ಆಜ್ಞೆ 4 ಜಿಬಿ ಗೆರೆಗಿಂತ 16 ಬೈಟ್ ಕೆಳಗಿನ ವಿಳಾಸದಲ್ಲಿದೆ. ಅದನ್ನು ಚಿಪ್‌ನಲ್ಲೇ ಕೊರೆದಿಟ್ಟಿದ್ದಾರೆ. ಆ ವಿಳಾಸದಲ್ಲಿ ನಿಜವಾದ ಮೆಮೊರಿ ಇರುವುದಿಲ್ಲ. ಮದರ್‌ಬೋರ್ಡ್ ಆ ಕೋರಿಕೆಯನ್ನು ಸುಮ್ನೆ ಫ್ಲ್ಯಾಶ್ ಚಿಪ್ ಕಡೆ ತಿರುಗಿಸುತ್ತದೆ. 16 ಬೈಟ್‌ನಲ್ಲಿ ಏನು ತಾನೇ ಮಾಡಲು ಸಾಧ್ಯ? ‘ಇಲ್ಲಲ್ಲ, ಅಲ್ಲಿಗೆ ಹೋಗು’ ಅನ್ನಬಹುದು, ಅಷ್ಟೇ. ಪ್ರೊಸೆಸರ್ ಚಿಪ್‌ನೊಳಗಿನ ಇನ್ನೊಂದು ಜಾಗಕ್ಕೆ ನೆಗೆಯುತ್ತದೆ, ಅಲ್ಲಿಂದ ಕೆಲಸ ಶುರು.

ಶುರುವಿಗೇ ಒಂದು ಎಡವಟ್ಟಿದೆ. ನೀವು ದುಡ್ಡು ಕೊಟ್ಟು ಹಾಕಿಸಿದ 16 ಜಿಬಿ ಮೆಮೊರಿ ಆ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಈಗಿನ ಮೆಮೊರಿ ಪಟ್ಟಿಗಳ ವೇಗ ಎಷ್ಟು ಜಾಸ್ತಿಯೆಂದರೆ, ಒಂದೊಂದು ತಂತಿಯಲ್ಲೂ ಸಂಕೇತ ಯಾವ ಕ್ಷಣಕ್ಕೆ ಬರುತ್ತದೆ ಅಂತ ಅಳೆದು ತಾಳ ಹೊಂದಿಸಿಕೊಳ್ಳಬೇಕು. ಇದಕ್ಕೆ ಮೆಮೊರಿ ಟ್ರೇನಿಂಗ್ ಅನ್ನುತ್ತಾರೆ. ಅದನ್ನು ಮಾಡುವ ಪ್ರೋಗ್ರಾಮ್‌ಗೂ ಲೆಕ್ಕ ಬರೆದಿಟ್ಟುಕೊಳ್ಳಲು ಸ್ವಲ್ಪ ಮೆಮೊರಿ ಬೇಕಲ್ಲ? ಇಂಟೆಲ್ ಯಂತ್ರಗಳ ಫರ್ಮ್‌ವೇರ್ ಅದಕ್ಕೊಂದು ಉಪಾಯ ಮಾಡುತ್ತದೆ. ಪ್ರೊಸೆಸರ್ ಒಳಗಿನ ಕ್ಯಾಶ್ ಅನ್ನುವ ಪುಟ್ಟ, ವೇಗದ ಸಂಗ್ರಹವನ್ನೇ ತಾತ್ಕಾಲಿಕ ಮೆಮೊರಿಯಾಗಿ ಬಳಸಿಕೊಳ್ಳುತ್ತದೆ. ಎಎಂಡಿಯ ಈಚಿನ ಚಿಪ್‌ಗಳಲ್ಲಿ ಬೇರೆಯೇ ಒಂದು ಪುಟ್ಟ ಪ್ರೊಸೆಸರ್ ಮೊದಲೇ ಎದ್ದು ಈ ಕೆಲಸ ಮುಗಿಸಿ, ಆಮೇಲೆ ದೊಡ್ಡಣ್ಣನನ್ನು ಎಬ್ಬಿಸುತ್ತದೆ. ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಪರದೆ ತುಂಬಾ ಹೊತ್ತು ಕಪ್ಪಾಗಿಯೇ ಇರುತ್ತದಲ್ಲ, ಅದು ಈ ಟ್ರೇನಿಂಗ್. ಹೆದರಿ ಪವರ್ ತೆಗೆಯಬೇಡಿ. ಸಿಕ್ಕ ಲೆಕ್ಕವನ್ನು ಫರ್ಮ್‌ವೇರ್ ಬರೆದಿಟ್ಟುಕೊಳ್ಳುತ್ತದೆ, ಮುಂದಿನ ಸಲ ಬೇಗ ಆಗುತ್ತದೆ.

ಮೆಮೊರಿ ಸಿಕ್ಕ ಮೇಲೆ ಫರ್ಮ್‌ವೇರ್ ಉಳಿದವರನ್ನು ಎಬ್ಬಿಸುತ್ತದೆ. ಕೀಬೋರ್ಡ್, ಪರದೆ, ಯುಎಸ್‌ಬಿ, ಡಿಸ್ಕ್. ಕಂಪನಿಯ ಲೋಗೊ ಕಾಣುವುದು ಈ ಹೊತ್ತಿಗೆ. ಆ ಲೋಗೊ ಚಿತ್ರವನ್ನು ಓದುವ ಕೋಡ್‌ನಲ್ಲೇ ಕಳ್ಳರು ನುಸುಳಬಹುದಾದ ತೂತುಗಳಿವೆ ಅಂತ 2023ರ ಡಿಸೆಂಬರ್‌ನಲ್ಲಿ ಬಯಲಾಯಿತು. ‘ಲೋಗೊಫೇಲ್’ ಅಂತ ಹೆಸರಿಟ್ಟರು. ಚಿತ್ರ ತೋರಿಸುವ ಶೋಕಿಗೆ ಎಷ್ಟು ಬೆಲೆ ನೋಡಿ.

446 ಬೈಟ್‌ನ ಸಂಸಾರ

ಇನ್ನು ಡಿಸ್ಕ್‌ನಿಂದ ಕರ್ನಲ್ ತರಬೇಕು. ಇಲ್ಲಿ ಹಳೆಯ ದಾರಿ, ಹೊಸ ದಾರಿ ಅಂತ ಎರಡಿವೆ. ನನ್ನ ಆ ಲ್ಯಾಪ್‌ಟಾಪ್ ಹಳೆಯ ದಾರಿಯದು. ಮೊದಲು ಅದನ್ನೇ ನೋಡೋಣ.

ಐಬಿಎಂ ಪಿಸಿ ಬಂದದ್ದು 1981ರಲ್ಲಿ. ಅದರ ಫರ್ಮ್‌ವೇರ್‌ಗೆ ಇದ್ದ ಬಯಾಸ್ ಅನ್ನುವ ಹೆಸರು ಅದಕ್ಕೂ ಹಿಂದಿನದು, ಸಿಪಿ/ಎಂ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್ ಬರೆದ ಗ್ಯಾರಿ ಕಿಲ್ಡಾಲ್ ಬಳಸಿದ್ದು. ಈ ಬಯಾಸ್ ಒಬ್ಬ ನಿಷ್ಠಾವಂತ, ಆದರೆ ಓದು ಬಾರದ ಆಳು. ಡಿಸ್ಕ್ ಸೆಕ್ಟರ್ ಅನ್ನುವ ಪುಟ್ಟ ತುಂಡುಗಳಾಗಿ ಹಂಚಿರುತ್ತದೆ. ಇಂಥ ಸೆಕ್ಟರ್ ತಂದುಕೊಡು ಅಂದರೆ ತರುತ್ತದೆ. ಅದರಲ್ಲಿ ಏನಿದೆ ಅಂತ ಗೊತ್ತಿಲ್ಲ. ಫೈಲ್ ಅಂದರೇನು ಅಂತಲೇ ಗೊತ್ತಿಲ್ಲ. ಹಾಗಾಗಿ ಅದರ ಜೊತೆ ಒಪ್ಪಂದವೂ ಅಷ್ಟೇ ಸರಳ. ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರ್ ಓದು, 512 ಬೈಟ್. ಕೊನೆಯ ಎರಡು ಬೈಟ್‌ನಲ್ಲಿ ಗೊತ್ತು ಮಾಡಿದ ಗುರುತು ಇದೆಯಾ ನೋಡು. ಇದ್ದರೆ ಮೆಮೊರಿಯ 31,744ನೇ ವಿಳಾಸದಲ್ಲಿ ಇಡು. ಅಲ್ಲಿಗೆ ನೆಗೆ. ಮುಂದಿನದು ನಿನಗೆ ಸಂಬಂಧವಿಲ್ಲ.

31,744 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ಕೂಡಿ ಕಳೆದರೆ ಸುಲಭ. ಆಗ 32 ಕೆಬಿ ಮೆಮೊರಿ ಇದ್ದರೆ ಸಾಕು ಅನ್ನುವ ಲೆಕ್ಕವಿತ್ತು. ಅದರ ಕೊನೆಯ 1 ಕೆಬಿಯಲ್ಲಿ ಈ ಸೆಕ್ಟರನ್ನು ಕೂರಿಸಿದರೆ ಕೆಳಗಿನ 31 ಕೆಬಿ ಆಪರೇಟಿಂಗ್ ಸಿಸ್ಟಮ್‌ಗೆ ಖಾಲಿ ಉಳಿಯುತ್ತದೆ. 31ನ್ನು 1,024ರಿಂದ ಗುಣಿಸಿ ನೋಡಿ.

ಆ 512 ಬೈಟೂ ಪೂರ್ತಿ ಕೈಗೆ ಸಿಗುವುದಿಲ್ಲ. ಗುರುತಿಗೆ 2 ಹೋಯಿತು. ನಾಲ್ಕು ಪಾರ್ಟಿಷನ್‌ಗಳ ಪಟ್ಟಿಗೆ ತಲಾ 16ರಂತೆ 64 ಹೋಯಿತು. ಪ್ರೋಗ್ರಾಮ್‌ಗೆ ಉಳಿದದ್ದು 446. ಎಷ್ಟು ಚಿಕ್ಕದು ಅಂತ ಬೇಕಾದರೆ ಹೀಗೆ ನೋಡಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ‘ಕಿ’ ಬರೆದರೆ ಕ-ಗೆ ಮೂರು, ಗುಡಿಸಿಗೆ ಮೂರು, ಒಟ್ಟು ಆರು. ಆ ಲೆಕ್ಕದಲ್ಲಿ 446 ಬೈಟ್‌ಗೆ ಕನ್ನಡದ ಎರಡು ಮೂರು ವಾಕ್ಯ ಹಿಡಿದರೆ ಹೆಚ್ಚು. ಇಷ್ಟರಲ್ಲಿ ಡಿಸ್ಕ್‌ನ ಫೋಲ್ಡರ್‌ಗಳನ್ನು ಹುಡುಕಿ ಕರ್ನಲ್ ಎತ್ತಿ ತರುವ ಪ್ರೋಗ್ರಾಮ್ ಬರೆಯಲು ಆಗುವುದಿಲ್ಲ.

ಹೀಗೆ ಕರ್ನಲ್ ಎತ್ತಿ ತರುವ ಪ್ರೋಗ್ರಾಮ್‌ಗೇ ಬೂಟ್‌ಲೋಡರ್ ಅನ್ನುವುದು. ಜಾಗ ಸಾಲದ್ದಕ್ಕೇ ಬೂಟ್‌ಲೋಡರ್‌ಗಳು ಕಂತಿನಲ್ಲಿ ಬರುತ್ತವೆ. 1995ರಲ್ಲಿ ಎರಿಕ್ ಬೋಲಿನ್ ಗ್ನೂ ಹರ್ಡ್ ಕರ್ನಲ್ ಎಬ್ಬಿಸಲೆಂದು ಬರೆದ ಗ್ರಬ್ ಈಗ ಹೆಚ್ಚಿನ ಲಿನಕ್ಸ್ ಕಂಪ್ಯೂಟರ್‌ಗಳಲ್ಲಿದೆ. ಅದರ ಮೊದಲ ಕಂತು ಈ 446 ಬೈಟ್‌ನಲ್ಲಿ ಕೂರುತ್ತದೆ. ಅದಕ್ಕೆ ಗೊತ್ತಿರುವುದು ಒಂದು ಸೆಕ್ಟರ್‌ನ ನಂಬರ್ ಮಾತ್ರ. ಬಯಾಸ್‌ಗೆ ಹೇಳಿ ಅದನ್ನು ತರಿಸಿಕೊಳ್ಳುತ್ತದೆ. ಅಲ್ಲಿಂದ ಎರಡನೇ ಕಂತು ಶುರು. ಇದು ಇರುವುದು ಮೊದಲ ಸೆಕ್ಟರ್ ಮತ್ತು ಮೊದಲ ಪಾರ್ಟಿಷನ್ ನಡುವಿನ ಖಾಲಿ ಸಂದಿಯಲ್ಲಿ. ಹಿಂದೆ ಪಾರ್ಟಿಷನ್‌ಗಳು 63ನೇ ಸೆಕ್ಟರ್‌ನಿಂದ ಶುರುವಾಗುತ್ತಿದ್ದವು, ಹಾಗಾಗಿ ಸಂದಿಯಲ್ಲಿ 62 ಸೆಕ್ಟರ್ ಜಾಗ. ಅಂದರೆ ಮತ್ತೆ 31,744 ಬೈಟ್! ಇದು ಸುಮ್ನೆ ಕಾಕತಾಳೀಯ, ಆದರೆ ಮೊದಲ ಸಲ ಲೆಕ್ಕ ಹಾಕಿದಾಗ ನನಗಂತೂ ಮೈ ಜುಮ್ಮೆಂದಿತ್ತು. ಈ 31 ಕೆಬಿಯಲ್ಲಿ ಒಂದು ಫೈಲ್‌ಸಿಸ್ಟಮ್ ಓದುವಷ್ಟು ಬುದ್ಧಿ ತುಂಬಬಹುದು. ಆ ಬುದ್ಧಿಯಿಂದ ಅದು ಲಿನಕ್ಸ್ ಪಾರ್ಟಿಷನ್‌ನೊಳಗೆ ಹೋಗಿ, ಅಲ್ಲಿ ತನ್ನ ಫೋಲ್ಡರ್ ಹುಡುಕಿ, ಉಳಿದ ಭಾಗಗಳನ್ನೂ ಮೆನುವನ್ನೂ ತರುತ್ತದೆ.

ಈಗ ನನ್ನ ಭಾನುವಾರದ ಕಥೆ ಬಿಡಿಸಬಹುದು. ನಾನು ಅಳಿಸಿದ್ದು ಪಾರ್ಟಿಷನ್. ಗ್ರಬ್‌ನ ಮೊದಲೆರಡು ಕಂತು ಯಾವ ಪಾರ್ಟಿಷನ್‌ಗೂ ಸೇರಿದವಲ್ಲ. ಅವು ಅಲ್ಲೇ ಇದ್ದವು. ಬಯಾಸ್ ಎಂದಿನಂತೆ ಮೊದಲ ಸೆಕ್ಟರ್ ತಂದಿತು, ಅದು ಸಂದಿಯಿಂದ ಎರಡನೆಯದನ್ನು ಎಬ್ಬಿಸಿತು, ಎರಡನೆಯದು ತನ್ನ ಫೋಲ್ಡರ್ ಹುಡುಕಿಕೊಂಡು ಹೋಯಿತು. ಮನೆಯೇ ಇಲ್ಲ! ‘ಅಂಥ ಪಾರ್ಟಿಷನ್ ಇಲ್ಲ’ ಅಂದದ್ದು ಅದೇ, 31 ಕೆಬಿಯ ಆ ಅರ್ಧಂಬರ್ಧ ಗ್ರಬ್. ವಿಂಡೋಸ್ ಡಿಸ್ಕ್‌ನಲ್ಲೇ ಸುಖವಾಗಿ ಮಲಗಿತ್ತು. ಅದನ್ನು ಎಬ್ಬಿಸುವ ಸಾಲು ಇದ್ದದ್ದು ಮಾತ್ರ ನಾನು ಅಳಿಸಿದ ಮೆನುವಿನಲ್ಲಿ.

ಗ್ರಬ್‌ಗಿಂತ ಹಿಂದೆ ಲಿನಕ್ಸ್‌ನವರು ಬಳಸುತ್ತಿದ್ದದ್ದು ಲಿಲೊ, ವರ್ನರ್ ಆಲ್ಮೆಸ್‌ಬರ್ಗರ್ ಬರೆದದ್ದು. ಅದಕ್ಕೆ ಫೈಲ್‌ಸಿಸ್ಟಮ್ ಓದಲು ಬರುತ್ತಿರಲಿಲ್ಲ. ಕರ್ನಲ್ ಡಿಸ್ಕ್‌ನ ಯಾವ ಯಾವ ಸೆಕ್ಟರ್‌ನಲ್ಲಿ ಹರಡಿದೆ ಅಂತ ಒಂದು ಪಟ್ಟಿ ಇಟ್ಟುಕೊಳ್ಳುತ್ತಿತ್ತು. ಕರ್ನಲ್ ಬದಲಿಸಿ ಲಿಲೊಗೆ ಹೇಳಲು ಮರೆತಿರೋ, ಮುಗಿಯಿತು. ಒಂದೊಂದು ಹಂತ ದಾಟಿದಾಗ ತನ್ನ ಹೆಸರಿನ ಒಂದೊಂದು ಅಕ್ಷರ ಬರೆಯುತ್ತಿತ್ತು. ನಾಲ್ಕೂ ಅಕ್ಷರ ಬಂದರೆ ಕ್ಷೇಮ. ಮೊದಲೆರಡು ಅಕ್ಷರ ಬರೆದು ನಿಂತರೆ ಪೆಟ್ಟು ಎಲ್ಲಿ ಬಿದ್ದಿದೆ ಅಂತ ಬಲ್ಲವರು ಹೇಳುತ್ತಿದ್ದರು.

ಈ ಇಡೀ ಏರ್ಪಾಡಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಕೆಲಸ ಹಂಚಿಕೊಂಡ ರೀತಿ. ಫರ್ಮ್‌ವೇರ್‌ಗೆ ಡಿಸ್ಕ್ ಗೊತ್ತು, ಫೈಲ್ ಗೊತ್ತಿಲ್ಲ. ಬೂಟ್‌ಲೋಡರ್‌ಗೆ ಫೈಲ್ ಗೊತ್ತು, ಡಿಸ್ಕ್ ಮುಟ್ಟಲು ಗೊತ್ತಿಲ್ಲ. ಪ್ರತಿ ಸೆಕ್ಟರ್‌ಗೂ ಅದು ಫರ್ಮ್‌ವೇರ್ ಮುಂದೆಯೇ ಕೈ ಒಡ್ಡಬೇಕು. ಅದಕ್ಕಾಗಿ ಗ್ರಬ್ 32 ಬಿಟ್ ಸ್ಥಿತಿಯಿಂದ ಬಯಾಸ್‌ಗೆ ಅರ್ಥವಾಗುವ 16 ಬಿಟ್ ಸ್ಥಿತಿಗೆ ಇಳಿದು, ಕೇಳಿ, ತೆಗೆದುಕೊಂಡು, ಮತ್ತೆ ಮೇಲೆ ಹತ್ತುತ್ತದೆ. ಕುರುಡ ಮತ್ತು ಹೆಳವ ಒಬ್ಬರ ಹೆಗಲ ಮೇಲೊಬ್ಬರು ಕೂತು ಊರು ಸೇರಿದ ಕಥೆ ಇದೆಯಲ್ಲ, ಹಾಗೆ.

ಹೊಸ ದಾರಿ

ಇಂಟೆಲ್ 1990ರ ದಶಕದಲ್ಲಿ ಐಟೇನಿಯಂ ಅನ್ನುವ ದೊಡ್ಡ ಪ್ರೊಸೆಸರ್ ಮಾಡಲು ಹೊರಟಾಗ 16 ಬಿಟ್‌ನ ಬಯಾಸ್ ಅಲ್ಲಿಗೆ ಹೊಂದಲೇ ಇಲ್ಲ. ಆಗ ಹುಟ್ಟಿದ್ದು ಇಎಫ್‌ಐ. ಐಟೇನಿಯಂ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ಅದರ ಫರ್ಮ್‌ವೇರ್ ಲೋಕವನ್ನೇ ಗೆದ್ದಿತು. 2005ರಲ್ಲಿ ಕಂಪನಿಗಳೆಲ್ಲ ಸೇರಿ ಯುಇಎಫ್‌ಐ ಫೋರಂ ಕಟ್ಟಿಕೊಂಡರು.

ಯುಇಎಫ್‌ಐಗೆ ಓದು ಬರುತ್ತದೆ. ಫ್ಯಾಟ್ ಅನ್ನುವ ಹಳೆಯ ಫೈಲ್‌ಸಿಸ್ಟಮ್ ಅದಕ್ಕೆ ಗೊತ್ತು. ಡಿಸ್ಕ್‌ನಲ್ಲಿ ಕೆಲವು ನೂರು ಎಂಬಿಯ ಒಂದು ಫ್ಯಾಟ್ ಪಾರ್ಟಿಷನ್ ಇಟ್ಟು, ಅದರಲ್ಲಿ ಬೂಟ್‌ಲೋಡರ್ ಅನ್ನು ಮಾಮೂಲಿ ಫೈಲ್ ಆಗಿ ಹಾಕಿದರೆ ಸಾಕು. 446 ಬೈಟ್‌ನ ಸರ್ಕಸ್ ಬೇಡ, ಸಂದಿಯಲ್ಲಿ ಬಚ್ಚಿಡುವುದೂ ಬೇಡ. ಯಾವ ಫೈಲನ್ನು ಯಾವ ಸರದಿಯಲ್ಲಿ ಪ್ರಯತ್ನಿಸಬೇಕು ಅನ್ನುವ ಪಟ್ಟಿ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಎಫ್12 ಅಥವಾ ಅಂಥದ್ದೇ ಕೀಲಿ ಒತ್ತಿದಾಗ ‘ವಿಂಡೋಸ್ ಬೂಟ್ ಮ್ಯಾನೇಜರ್’, ‘ಉಬುಂಟು’ ಅಂತೆಲ್ಲ ಕಾಣುವುದು ಆ ಪಟ್ಟಿಯೇ. ಎಲ್ಲಿಂದಲೋ ತಂದು ಚುಚ್ಚಿದ ಪೆನ್‌ಡ್ರೈವ್ ಪಟ್ಟಿಯಲ್ಲಿ ಇರುವುದಿಲ್ಲ. ಅದಕ್ಕಾಗಿ ಒಂದು ಫೋಲ್ಡರ್ ಮತ್ತು ಫೈಲ್ ಹೆಸರನ್ನು ಮೊದಲೇ ಗೊತ್ತು ಮಾಡಿದ್ದಾರೆ. ಆ ಹೆಸರಿನ ಫೈಲ್ ಇದ್ದರೆ ಫರ್ಮ್‌ವೇರ್ ಅದನ್ನೇ ಓಡಿಸುತ್ತದೆ.

ಇಂಥ ಲ್ಯಾಪ್‌ಟಾಪ್‌ನಲ್ಲಿ ನನ್ನ ಹಾಗೆ ಲಿನಕ್ಸ್ ಪಾರ್ಟಿಷನ್ ಅಳಿಸಿದರೆ? ಆಗಲೂ ಗ್ರಬ್ ಎದ್ದು ಗೋಳಾಡುತ್ತದೆ, ಅದರ ಫೈಲ್ ಫ್ಯಾಟ್ ಪಾರ್ಟಿಷನ್‌ನಲ್ಲಿ ಉಳಿದಿರುತ್ತದಲ್ಲ. ಆದರೆ ಎಫ್12 ಒತ್ತಿ ವಿಂಡೋಸ್ ಆರಿಸಿದರೆ ನೇರ ಒಳಗೆ. ಒಂದು ಭಾನುವಾರ ಉಳಿಯುತ್ತದೆ.

ಇನ್ನೊಂದು ಲಾಭವೂ ಆಯಿತು. ಹಳೆಯ ಪಾರ್ಟಿಷನ್ ಪಟ್ಟಿಯಲ್ಲಿ ಸೆಕ್ಟರ್ ನಂಬರ್‌ಗೆ 32 ಬಿಟ್ ಮಾತ್ರ. 512 ಬೈಟ್ ಸೆಕ್ಟರ್ ಆದರೆ 2 ಟಿಬಿಗಿಂತ ಆಚೆ ಕಾಣುವುದೇ ಇಲ್ಲ. ಯುಇಎಫ್‌ಐ ಜೊತೆ ಬಂದ, ಜಿಪಿಟಿ ಅನ್ನುವ ಹೊಸ ಪಾರ್ಟಿಷನ್ ಪಟ್ಟಿಗೆ 64 ಬಿಟ್. ಆ ಚಿಂತೆ ಸದ್ಯಕ್ಕಂತೂ ಇಲ್ಲ.

ಬೂಟ್‌ಲೋಡರ್ ಏನನ್ನು ಹೊತ್ತು ತರುತ್ತದೆ

ಯಾವ ದಾರಿಯಲ್ಲಿ ಬಂದರೂ ಬೂಟ್‌ಲೋಡರ್‌ನ ಕೆಲಸ ಒಂದೇ. ಕರ್ನಲ್ ಫೈಲನ್ನು ಮೆಮೊರಿಗೆ ತರುವುದು. ಅದರ ಜೊತೆಗೆ ಒಂದು ಸಾಲಿನ ಚೀಟಿ: ಮುಖ್ಯ ಡಿಸ್ಕ್ ಯಾವುದು, ಮೊದಲಿಗೆ ಓದಲು ಮಾತ್ರ ತೆರೆ, ಜಾಸ್ತಿ ಮಾತಾಡಬೇಡ. ಹೌದು, ‘ಕ್ವಯಟ್’ ಅಂತಲೇ ಬರೆದಿರುತ್ತದೆ. ಗ್ರಬ್ ಮೆನುವಿನಲ್ಲಿ ‘ಇ’ ಕೀಲಿ ಒತ್ತಿ ಆ ಪದ ಅಳಿಸಿ ನೋಡಿ, ಕರ್ನಲ್ ಸಾಲುಸಾಲಾಗಿ ತನ್ನ ಕಥೆ ಹೇಳುತ್ತಾ ಏಳುತ್ತದೆ. ಆ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ, ಹಾಗಾಗಿ ಭಯ ಬೇಡ.

ಇನ್ನೂ ಒಂದು ಗಂಟು ಇದೆ, ಹೆಸರು ಇನಿಟ್‌ರ‍್ಯಾಮ್‌ಎಫ್‌ಎಸ್. ಇದನ್ನು ಹೊಸಬರು ಯಾಕೆ ಬೇಕು ಅಂತ ಕೇಳುತ್ತಾರೆ. ಕಾರಣ ಮತ್ತೆ ಅದೇ ಬೀಗದ ಕೈ. ಲಿನಕ್ಸ್ ಓಡಬೇಕಾದ ಕಂಪ್ಯೂಟರ್‌ಗಳು ಸಾವಿರಾರು ಬಗೆ. ಎಲ್ಲ ಡ್ರೈವರ್‌ಗಳನ್ನೂ ಕರ್ನಲ್ ಫೈಲ್‌ಗೇ ತುರುಕಿದರೆ ಅದು ಊದಿಕೊಳ್ಳುತ್ತದೆ. ಹಾಗಾಗಿ ಬಹುಪಾಲು ಡ್ರೈವರ್‌ಗಳನ್ನು ಬೇರೆ ಫೈಲ್‌ಗಳಾಗಿ ಡಿಸ್ಕ್‌ನಲ್ಲಿ ಇಟ್ಟಿರುತ್ತಾರೆ. ಈಗ ಅದೇ ಡಿಸ್ಕ್‌ನ ಡ್ರೈವರ್ ಅದೇ ಡಿಸ್ಕ್‌ನ ಒಳಗೆ ಇದ್ದರೆ? ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿ ಗೂಢಲಿಪಿ ಮಾಡಿಟ್ಟಿದ್ದರೆ? ಅದಕ್ಕೇ ಬೂಟ್‌ಲೋಡರ್ ಒಂದು ಬುತ್ತಿ ಕಟ್ಟಿಕೊಂಡು ಬರುತ್ತದೆ. ಆ ಗಂಟಿನಲ್ಲಿ ಬೇಕಾದ ಡ್ರೈವರ್‌ಗಳು, ಪಾಸ್‌ವರ್ಡ್ ಕೇಳುವ ಪುಟ್ಟ ಪ್ರೋಗ್ರಾಮ್ ಎಲ್ಲ ಇರುತ್ತವೆ. ಕರ್ನಲ್ ಎದ್ದ ಮೇಲೆ ಗಂಟು ಬಿಚ್ಚಿ, ಅದರ ಸಹಾಯದಿಂದ ನಿಜವಾದ ಡಿಸ್ಕ್ ತೆರೆದು, ಅಲ್ಲಿಗೆ ಮನೆ ಬದಲಾಯಿಸುತ್ತದೆ. ಗಂಟು ಹಾಳಾದರೆ ಅಥವಾ ಸಿಗದಿದ್ದರೆ ‘ಕರ್ನಲ್ ಪ್ಯಾನಿಕ್’ ಅನ್ನುವ ಆ ಕುಖ್ಯಾತ ಸಂದೇಶ.

ಚಾರ್ಜ್ ಕೊಡುವುದು

ಈಗ ನನಗೆ ಅತಿ ಇಷ್ಟವಾದ ಭಾಗ. ಯುಇಎಫ್‌ಐ ಯಂತ್ರದಲ್ಲಿ ಇಲ್ಲಿಯವರೆಗೂ ಯಜಮಾನಿಕೆ ಫರ್ಮ್‌ವೇರ್‌ನದು. ಮೆಮೊರಿ, ಡಿಸ್ಕ್, ಪರದೆ ಎಲ್ಲ ಅದರ ಕೈಯಲ್ಲಿ. ಒಂದು ಹಂತದಲ್ಲಿ ಅದು ಜಾಗ ಬಿಟ್ಟುಕೊಡಬೇಕು. ಇಬ್ಬರು ಯಜಮಾನರು ಒಂದೇ ಡಿಸ್ಕ್ ಮುಟ್ಟಿದರೆ ಅನಾಹುತ. ಇದಕ್ಕಾಗಿ ಯುಇಎಫ್‌ಐಯಲ್ಲಿ ಒಂದು ಕರೆ ಇದೆ, ‘ಎಕ್ಸಿಟ್ ಬೂಟ್ ಸರ್ವೀಸಸ್’. ನಿನ್ನ ಸೇವೆ ಸಾಕು, ಇನ್ನು ನಾನು ನೋಡಿಕೊಳ್ಳುತ್ತೇನೆ ಅನ್ನುವ ಅರ್ಥ.

ಬ್ಯಾಂಕ್‌ನಲ್ಲಿ ಒಬ್ಬ ಕ್ಯಾಶಿಯರ್ ಇನ್ನೊಬ್ಬರಿಗೆ ಚಾರ್ಜ್ ಕೊಡುವುದನ್ನು ನೋಡಿದ್ದೀರಾ? ಪೆಟ್ಟಿಗೆಯಲ್ಲಿನ ದುಡ್ಡು ಎಣಿಸಿ, ಬರೆದು, ಹೊಸಬರು ಸಹಿ ಹಾಕಬೇಕು. ಎಣಿಸಿದ ಮೇಲೆ, ಸಹಿಗೆ ಮುಂಚೆ ಯಾರೋ ಬಂದು ಐನೂರು ತೆಗೆದುಕೊಂಡು ಹೋದರೆ ಲೆಕ್ಕ ತಪ್ಪಿತು, ಮತ್ತೆ ಎಣಿಸಬೇಕು. ಇಲ್ಲೂ ಥೇಟ್ ಹಾಗೇ. ಮೊದಲು ಬೂಟ್‌ಲೋಡರ್ ಅಥವಾ ಕರ್ನಲ್ ಫರ್ಮ್‌ವೇರ್‌ನಿಂದ ಮೆಮೊರಿಯ ನಕ್ಷೆ ಕೇಳುತ್ತದೆ. ಯಾವ ಜಾಗ ಖಾಲಿ, ಯಾವುದು ಫರ್ಮ್‌ವೇರ್ ತನಗೇ ಇಟ್ಟುಕೊಂಡದ್ದು, ಎಲ್ಲ ಅದರಲ್ಲಿರುತ್ತದೆ. ನಕ್ಷೆಯ ಜೊತೆ ಒಂದು ಟೋಕನ್ ನಂಬರ್ ಸಿಗುತ್ತದೆ. ವಿದಾಯದ ಕರೆ ಮಾಡುವಾಗ ಆ ನಂಬರ್ ತೋರಿಸಬೇಕು. ನಡುವೆ ಯಾರಾದರೂ ಒಂದಿಷ್ಟು ಮೆಮೊರಿ ತೆಗೆದುಕೊಂಡಿದ್ದರೆ ನಕ್ಷೆ ಬದಲಾಗಿರುತ್ತದೆ, ನಂಬರ್ ಹಳತಾಗಿರುತ್ತದೆ. ಫರ್ಮ್‌ವೇರ್ ಒಪ್ಪುವುದಿಲ್ಲ. ಮತ್ತೆ ನಕ್ಷೆ ಕೇಳಿ, ಹೊಸ ನಂಬರ್ ಹಿಡಿದು ಬರಬೇಕು.

ಒಪ್ಪಿದ ಮೇಲೆ ಹಿಂದಿರುಗುವ ದಾರಿ ಇಲ್ಲ. ಫರ್ಮ್‌ವೇರ್‌ನ ಡಿಸ್ಕ್ ಓದುವ ಸೇವೆ, ಪರದೆಗೆ ಬರೆಯುವ ಸೇವೆ ಎಲ್ಲ ಬಂದ್. ಗಡಿಯಾರ, ಬೂಟ್ ಪಟ್ಟಿ, ರೀಸ್ಟಾರ್ಟ್ ಮಾಡುವಂಥ ಕೆಲವು ಸಣ್ಣ ಸೇವೆಗಳಷ್ಟೇ ಉಳಿಯುತ್ತವೆ. ಇನ್ನು ಮುಂದೆ ಡಿಸ್ಕ್ ಬೇಕಾದರೆ ಕರ್ನಲ್‌ಗೆ ಸ್ವಂತ ಡ್ರೈವರ್ ಇರಬೇಕು. ಹಳೆಯ ಬಯಾಸ್‌ನಲ್ಲಿ ಇಂಥ ಸಮಾರಂಭವಿರಲಿಲ್ಲ. ಕರ್ನಲ್ ಅದನ್ನು ಕೇಳುವುದನ್ನು ನಿಲ್ಲಿಸುತ್ತಿತ್ತು, ಅಷ್ಟೇ.

ಲಿನಕ್ಸ್ ಕರ್ನಲ್ ಫೈಲ್ ಬಗ್ಗೆ ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಯುಇಎಫ್‌ಐ ಓಡಿಸುವ ಫೈಲ್‌ಗಳು ವಿಂಡೋಸ್‌ನ ಪ್ರೋಗ್ರಾಮ್ ಫೈಲ್‌ಗಳ ಆಕಾರದಲ್ಲೇ ಇರಬೇಕು. ಅಂಥ ಫೈಲ್‌ಗಳ ಮೊದಲೆರಡು ಅಕ್ಷರ ಎಂ ಮತ್ತು ಝಡ್. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಮೈಕ್ರೊಸಾಫ್ಟ್ ಎಂಜಿನಿಯರ್ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳು. 2012ರ 3.3 ಆವೃತ್ತಿಯಿಂದ ಲಿನಕ್ಸ್ ಕರ್ನಲ್ ತಾನೇ ಯುಇಎಫ್‌ಐ ಪ್ರೋಗ್ರಾಮ್ ಆಗಿ ಏಳಬಲ್ಲದು, ಬೂಟ್‌ಲೋಡರ್ ಇಲ್ಲದೆಯೂ. ಅದಕ್ಕಾಗಿ ಅದೂ ಆ ಎರಡು ಅಕ್ಷರ ಹಣೆಗೆ ಹಚ್ಚಿಕೊಳ್ಳಬೇಕಾಯಿತು. ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್‌ನ ಕರ್ನಲ್ ಫೈಲ್ ಇಣುಕಿ ನೋಡಿ, ಬಹುಪಾಲು ಸಿಗುತ್ತದೆ.

ಆ ಫೈಲ್ ಒತ್ತಿ ಮಡಚಿದ ಹಾಸಿಗೆಯಂತೆ. ಮೊದಲು ತನ್ನನ್ನು ತಾನೇ ಬಿಡಿಸಿಕೊಳ್ಳುತ್ತದೆ. ಕಳ್ಳರಿಗೆ ಸುಲಭವಾಗಿ ಸಿಗಬಾರದು ಅಂತ ಪ್ರತಿ ಸಲ ಮೆಮೊರಿಯ ಬೇರೆ ಬೇರೆ ಜಾಗದಲ್ಲಿ ಹಾಸಿಕೊಳ್ಳುತ್ತದೆ. ಆಮೇಲೆ ‘ಸ್ಟಾರ್ಟ್ ಕರ್ನಲ್’ ಅನ್ನುವ ಫಂಕ್ಷನ್‌ಗೆ ಬರುತ್ತದೆ. ಅಲ್ಲಿಂದ ಮೆಮೊರಿ ಲೆಕ್ಕ, ಗಡಿಯಾರ, ಉಳಿದ ಪ್ರೊಸೆಸರ್ ಕೋರ್‌ಗಳು, ಡ್ರೈವರ್‌ಗಳು ಸಾಲಾಗಿ ಎದ್ದು, ಕೊನೆಗೆ 1ನೇ ನಂಬರಿನ ಪ್ರೋಗ್ರಾಮ್ ಹುಟ್ಟುತ್ತದೆ. ಲಾಗಿನ್ ಪರದೆ ಅದರ ಮಕ್ಕಳು ಮೊಮ್ಮಕ್ಕಳ ಕೆಲಸ. ಒಂದು ವಿಷಯ ಮಾತ್ರ ನೋಡಿ ನಗು ಬರುತ್ತದೆ. ಕರ್ನಲ್ ಲಾಗ್‌ನ ಶುರುವಿನಲ್ಲಿ ಮೆಮೊರಿ ನಕ್ಷೆಯ ಸಾಲುಗಳಿಗೆ ಇವತ್ತಿಗೂ ‘ಬಯಾಸ್’ ಅಂತಲೇ ಹಣೆಪಟ್ಟಿ, ಯಂತ್ರ ಯುಇಎಫ್‌ಐಯದ್ದೇ ಆದರೂ.

ಸಹಿ ಇಲ್ಲದವರಿಗೆ ಪ್ರವೇಶವಿಲ್ಲ

ಕರ್ನಲ್‌ಗಿಂತ ಮೊದಲು ಎದ್ದವನು ಕರ್ನಲ್‌ಗೆ ಏನು ಬೇಕಾದರೂ ಮಾಡಬಹುದು. ಆಂಟಿವೈರಸ್‌ಗೂ ಅದು ಕಾಣುವುದಿಲ್ಲ. ಈ ಭಯದಿಂದ ಬಂದದ್ದು ಸೆಕ್ಯೂರ್ ಬೂಟ್. 2012ರಲ್ಲಿ ವಿಂಡೋಸ್ 8 ಜೊತೆ ಮನೆಮನೆಗೆ ಬಂತು. ಫರ್ಮ್‌ವೇರ್ ತಾನು ನಂಬುವ ಡಿಜಿಟಲ್ ಸಹಿ ಇದ್ದರೆ ಮಾತ್ರ ಬೂಟ್‌ಲೋಡರ್ ಓಡಿಸುತ್ತದೆ. ಹೆಚ್ಚಿನ ಪಿಸಿಗಳಲ್ಲಿ ಆ ನಂಬಿಕೆ ಇರುವುದು ಮೈಕ್ರೊಸಾಫ್ಟ್ ಕೀಲಿಗಳ ಮೇಲೆ. ಲಿನಕ್ಸ್‌ನವರು ಪ್ರತಿ ಸಲ ಅವರ ಬಾಗಿಲಿಗೆ ಹೋಗಲು ಆಗುತ್ತದಾ? ಅದಕ್ಕೆ ‘ಶಿಮ್’ ಅನ್ನುವ ಪುಟ್ಟ ಪ್ರೋಗ್ರಾಮ್ ಮಾಡಿ ಅದಕ್ಕೊಂದು ಸಹಿ ಹಾಕಿಸಿಕೊಂಡರು. ಶಿಮ್ ಮುಂದೆ ಗ್ರಬ್‌ನ ಸಹಿ ನೋಡುತ್ತದೆ, ಹೀಗೆ ಸರಪಳಿ.

ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಿದ್ದರೂ ಮುಗಿಯಿತು. ಗ್ರಬ್‌ಗೆ ಸಹಿ ಇತ್ತು, ಅದರ ಮೆನು ಫೈಲ್‌ಗೆ ಇರಲಿಲ್ಲ. ಆ ಫೈಲನ್ನು ವಿಚಿತ್ರವಾಗಿ ಬರೆದು ಗ್ರಬ್‌ನ ದಾರಿ ತಪ್ಪಿಸಬಹುದು ಅಂತ 2020ರಲ್ಲಿ ಗೊತ್ತಾಯಿತು. ‘ಬೂಟ್‌ಹೋಲ್’ ಅಂತ ಅದರ ಹೆಸರು. ಹಳೆಯ, ತೂತಿರುವ ಬೂಟ್‌ಲೋಡರ್‌ಗಳನ್ನು ತಡೆಯುವ ಪ್ರಯತ್ನ ಆಗಿನಿಂದ ನಡೆದೇ ಇದೆ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಒಂದು ಹೀಗೆ ತಡೆಯಲು ಹೋಗಿ, ಎರಡೂ ಸಿಸ್ಟಮ್ ಇಟ್ಟುಕೊಂಡಿದ್ದ ಎಷ್ಟೋ ಜನರ ಲಿನಕ್ಸ್ ಏಳದಂತೆ ಮಾಡಿತು. ಸೆಕ್ಯೂರ್ ಬೂಟ್ ಬೇಕಾ ಬೇಡವಾ ಅಂತ ಜಗಳ ಇದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಆನ್ ಮಾಡಿಯೇ ಇಟ್ಟಿದ್ದೇನೆ, ಬೈದುಕೊಂಡೇ.

ಎಲ್ಲ ಕಂಪ್ಯೂಟರ್‌ಗಳೂ ಹೀಗೇ ಏಳುತ್ತವೆ ಅಂದುಕೊಳ್ಳಬೇಡಿ. ರಾಸ್ಪ್‌ಬೆರಿ ಪೈ ಅನ್ನುವ ಒಂದೇ ಬೋರ್ಡ್‌ನ ಪುಟ್ಟ ಕಂಪ್ಯೂಟರ್‌ನಲ್ಲಿ ಮೊದಲು ಏಳುವುದು ಮುಖ್ಯ ಪ್ರೊಸೆಸರ್ ಅಲ್ಲ, ಗ್ರಾಫಿಕ್ಸ್ ಚಿಪ್! ಹಳೆಯ ಪೈಗಳಲ್ಲಿ ಅದೇ ಎಸ್‌ಡಿ ಕಾರ್ಡ್ ಓದಿ, ಕರ್ನಲ್ ಮೆಮೊರಿಗೆ ತಂದಿಟ್ಟು, ಆಮೇಲೆ ಮುಖ್ಯ ಪ್ರೊಸೆಸರ್ ಅನ್ನು ಬಿಡುಗಡೆ ಮಾಡುತ್ತದೆ. ಮದುಮಗನಿಗಿಂತ ಮೊದಲು ವಾದ್ಯದವರು ಏಳುವುದು ಸರಿಯೇ ಬಿಡಿ.

ಹೆಪ್ಪೇ ಕೆಟ್ಟರೆ

ಫ್ಲ್ಯಾಶ್ ಚಿಪ್‌ನಲ್ಲಿರುವುದೇ ಅಳಿದುಹೋದರೆ ಮೇಲಿನ ಯಾವ ಕಥೆಯೂ ಶುರುವಾಗುವುದಿಲ್ಲ. 1998ರಲ್ಲಿ ಕಾಣಿಸಿಕೊಂಡ ಸಿಐಎಚ್ ವೈರಸ್ ಮಾಡಿದ್ದು ಇದನ್ನೇ. 1999ರ ಏಪ್ರಿಲ್ 26ರಂದು ಅದು ಲೋಕದ ನಾನಾ ಕಡೆ ಡಿಸ್ಕ್ ಅಳಿಸಿದ್ದಲ್ಲದೆ ಬಯಾಸ್ ಚಿಪ್‌ಗೂ ಕಸ ಬರೆಯಿತು. ಫರ್ಮ್‌ವೇರ್ ಅಪ್‌ಡೇಟ್ ಆಗುವಾಗ ಚಾರ್ಜರ್ ಕೀಳಬೇಡಿ ಅನ್ನುವುದೂ ಇದೇ ಕಾರಣಕ್ಕೆ. ಹಾಗೆ ಸತ್ತ ಬೋರ್ಡ್‌ನ ಎಂಟು ಕಾಲಿನ ಚಿಪ್‌ಗೆ ರಿಪೇರಿಯವರು ಒಂದು ಕ್ಲಿಪ್ ಕಚ್ಚಿಸಿ, ಇನ್ನೊಂದು ಕಂಪ್ಯೂಟರ್‌ನಿಂದ ಹೊಸ ಫರ್ಮ್‌ವೇರ್ ಬರೆಯುತ್ತಾರೆ. ಮನೆಯಲ್ಲಿ ಹೆಪ್ಪು ಮುಗಿದಾಗ ಲೋಟ ಹಿಡಿದು ಪಕ್ಕದ ಮನೆಗೆ ಹೋಗುವುದಿಲ್ಲವೇ, ಹಾಗೆ.

ನನ್ನ ಕಷ್ಟ ಅಷ್ಟು ದೊಡ್ಡದಾಗಿರಲಿಲ್ಲ. ಚಿಪ್ ಚೆನ್ನಾಗಿತ್ತು, ಕೆಟ್ಟದ್ದು ಮುಂದಿನ ಕೊಂಡಿ. ವಿಂಡೋಸ್ ಡಿವಿಡಿ ಹಾಕಿ ರಿಪೇರಿ ಪರದೆಗೆ ಹೋಗಿ ಒಂದು ಆಜ್ಞೆ ಕೊಟ್ಟೆ. ಅದು ಪಾರ್ಟಿಷನ್ ಪಟ್ಟಿಯನ್ನು ಮುಟ್ಟದೆ, ಮೊದಲ ಸೆಕ್ಟರ್‌ನ ಆ ಪುಟಾಣಿ ಪ್ರೋಗ್ರಾಮನ್ನು ಮಾತ್ರ ಹೊಸದಾಗಿ ಬರೆಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ರೀಸ್ಟಾರ್ಟ್ ಮಾಡಿದೆ, ವಿಂಡೋಸ್ ಬಂತು. ಆ ಡಿವಿಡಿ ಕೆಳಗಿನ ಮನೆಯವರದ್ದು. ವಾಪಸ್ ಕೊಡಲು ಇಳಿದಾಗ ಅವರು ಫಿಲ್ಟರ್ ಕಾಫಿಗೆ ಹಾಲಿಟ್ಟಿದ್ದರು.